ಮೇಲ್ತೂಬಿನ ಎರಡು ಉತ್ತರಗಳು

“ಹಿಡೀತೀಯಾ?” ಎಂದು ಸೈಕಲ್ಲಿನ ಬ್ರೇಕನ್ನು ಕೇಳಿದೆ. “ಆ ಪ್ರಶ್ನೆ ನನಗಿಲ್ಲ,” ಎಂದಿತು ಬ್ರೇಕು. ಅಷ್ಟರಲ್ಲಿ ಗಿರಣಿ ಬೀದಿಯ ಇಳಿಜಾರು ಶುರುವಾಗಿಯೇ ಹೋಗಿತ್ತು. ಸೈಕಲ್ಲು ನನ್ನದಲ್ಲ. ಕೇಳುಮನೆಯ ಗೋಡೆಗೆ ಯಾರೋ ಒರಗಿಸಿ ಹೋಗಿದ್ದರು, ನಾನು ಎಳೆದುಕೊಂಡು ಹಾರಿದ್ದೆ. ಬ್ರೇಕಿಗೆ ಇರುವುದು ಒಂದೇ ಪ್ರಶ್ನೆ ಎಂಬುದು ಆಮೇಲೆ ನೆನಪಾಗಿ ಅದನ್ನೂ ಕೇಳಿದೆ: “ಎಷ್ಟು ಸವೆದಿದ್ದೀಯ?” “ಪೂರ್ತಿ,” ಎಂದಿತು, ಚೂರೂ ನಾಚಿಕೆಯಿಲ್ಲದೆ. ಸರಿ, ಇನ್ನು ನಿಲ್ಲುವ ಮಾತಿಲ್ಲ. ಎರಡೂ ಕಾಲು ಪೆಡಲಿನಿಂದೆತ್ತಿ ಗಾಳಿಗೆ ಬಿಟ್ಟು ಕೂಗಿದೆ: “ದಾರಿ ಬಿಡಿ! ಮೇಲ್ತೂಬು ತೆರೆದಿದೆ! ಅಕ್ಕ ಸುರಂಗದಲ್ಲಿದ್ದಾಳೆ!”

ಬೀದಿಯ ಜನ ದಾರಿ ಬಿಡಲಿಲ್ಲ. ಮೊದಲು ಕೇಳಿದರು. ನಮ್ಮೂರಿನವರು ಸೂರಿಗೆ ಬೆಂಕಿ ಬಿದ್ದರೂ ತಲೆಯೆತ್ತಿ ನೋಡುವುದಿಲ್ಲ, ಸೂರಿನ ನಂಬರು ಹೇಳಿ ಬಿಸಿಯಾಗಿದ್ದೀಯಾ ಎಂದು ಕೇಳುತ್ತಾರೆ. ಹೂವು ಕಟ್ಟುತ್ತಿದ್ದವಳು, ಕೊಡೆ ರಿಪೇರಿಯವನು, ಕೈಯಲ್ಲಿ ಹಾಲಿನ ಕ್ಯಾನು ಹಿಡಿದವರು, ಎಲ್ಲರೂ ನಿಂತಲ್ಲೇ ಮೇಲ್ತೂಬಿನ ನಂಬರು ಹೇಳಿದರು. ಎಲ್ಲರ ಕಿವಿಗೂ ಅದರ ಗೊಗ್ಗರು ದನಿ ಬಂತು: “ಮುಚ್ಚಲು ಹೇಳಿದ್ದಾರೆ.” ನನ್ನ ಹಿಂದಿನಿಂದ ಕೊಡೆಯವನು ಕೂಗಿದ, “ಮುಚ್ಚಿದೆಯಂತಲ್ಲೋ ಸೋಮು! ಯಾರ ಮದುವೆ ಊಟಕ್ಕೆ ಓಡ್ತಿದ್ದೀಯ?” ಬೀದಿಯೆಲ್ಲ ನಕ್ಕಿತು. ಮುಂದೆ ಒಂದು ಎಮ್ಮೆ ಅಡ್ಡ ನಿಂತಿತ್ತು. ಎಮ್ಮೆಗಳಿಗೆ ನಂಬರಿಲ್ಲ, ಆದ್ದರಿಂದ ಅದು ಏನನ್ನೂ ಕೇಳದೆ ಸರಿಯಿತು.

ಅಕ್ಕ ದೇವೀರಮ್ಮ ನಮ್ಮೂರಿನ ಸುರಂಗ ಕಾಲುವೆಯನ್ನು ಸ್ವಚ್ಛ ಮಾಡುವವಳು. ಬೆಟ್ಟದ ಕೆರೆಯಿಂದ ಬರುವ ನೀರು ಊರಿನ ಅಡಿಯಲ್ಲಿ ಕತ್ತಲಲ್ಲಿ ಹರಿದು ಮೂರು ಚಕ್ರಗಳನ್ನು ತಿರುಗಿಸುತ್ತದೆ. ಮೊದಲು ಅಕ್ಕಿ ಗಿರಣಿಯದು, ಆಮೇಲೆ ಅಚ್ಚುಕೂಟದ್ದು, ಕೊನೆಗೆ ಐಸ್ ಫ್ಯಾಕ್ಟರಿಯದು. ಜೊಂಡು, ಹರಿದ ಗೋಣಿ, ಸತ್ತ ಹೆಗ್ಗಣ, ಮದುವೆ ಮನೆಯ ಬಾಳೆಯೆಲೆ, ಎಲ್ಲ ಬಂದು ಚಕ್ರಕ್ಕೆ ಸುತ್ತಿಕೊಳ್ಳುತ್ತವೆ. ಆಗ ಕೆರೆಯ ನೀರು ಬಿಡುವ ಮೇಲ್ತೂಬನ್ನು ಮುಚ್ಚಲು ಹೇಳಿ, ನೀರು ಇಳಿದ ಮೇಲೆ ಅಕ್ಕ ಒಂದು ಮುಳ್ಳುಗೋಲು, ಒಂದು ಹಗ್ಗ, ಒಂದು ಕುಡುಗೋಲು ಹಿಡಿದು ಕೆಳಬಾಯಿಯಿಂದ ಒಳಗೆ ಹೋಗುತ್ತಾಳೆ. ಮೂರಕ್ಕೂ ನಂಬರಿಲ್ಲ. ಅದು ಆ ಕಸುಬಿನ ಕಟ್ಟುನಿಟ್ಟು. ನಂಬರಿನ ವಸ್ತು ಕೇಳಿದವರ ಕಿವಿಯಲ್ಲೂ ಮಾತಾಡುತ್ತದೆ, ತಾನಿದ್ದಲ್ಲೂ ಮಾತಾಡುತ್ತದೆ. ಊರಿನಲ್ಲಿ ಯಾರೋ ಕೆಲಸವಿಲ್ಲದವನು ಕೇಳಿದನೆಂದು ಕತ್ತಲಲ್ಲಿ ಕೈಯಲ್ಲಿದ್ದ ಕುಡುಗೋಲು ತಟ್ಟನೆ “ಹರಿತವಾಗಿದ್ದೇನೆ” ಅಂದರೆ ಕೈ ಜಾರದೆ ಇರುತ್ತದೆಯೇ? ಅಕ್ಕನಿಗೆ ಕಸುಬು ಕಲಿಸಿದ ಮಾದೇವಿಯ ಎಡಗೈಯ ಕಿರುಬೆರಳು ಹಾಗೆಯೇ ಹೋಯಿತಂತೆ.

ನಾನು ಕೇಳುಮನೆಯಲ್ಲಿ ಕೇಳುವವನು. ದಿನವಿಡೀ ಊರಿನ ಸಾರ್ವಜನಿಕ ವಸ್ತುಗಳನ್ನು ಒಂದಾದ ಮೇಲೊಂದು ವಿಚಾರಿಸುವುದೇ ಕೆಲಸ. ಬೀದಿ ದೀಪ, ನಲ್ಲಿ, ಸಂತೆಯ ತಕ್ಕಡಿ, ಸೇತುವೆಯ ಕೀಲು, ಆಸ್ಪತ್ರೆಯ ಐಸ್ ಪೆಟ್ಟಿಗೆ. ಮೊದಲು ಬಡಾವಣೆ, ಆಮೇಲೆ ಬೀದಿ, ಆಮೇಲೆ ಮನೆ, ಕೊನೆಗೆ ವಸ್ತು. ಮರದ ಬೊಡ್ಡೆಯಿಂದ ರೆಂಬೆಗೆ, ರೆಂಬೆಯಿಂದ ಎಲೆಗೆ ಹೋದ ಹಾಗೆ ನಂಬರನ್ನು ಹೇಳಬೇಕು. ಈ ಕೆಲಸ ನನಗೆ ಎಷ್ಟು ಇಷ್ಟವೆಂದರೆ, ರಜೆಯ ದಿನವೂ ಮಲಗಿದಲ್ಲೇ ಸೇತುವೆಯನ್ನು ಮಾತಾಡಿಸುತ್ತಿದ್ದೆ. ಯಾವ ವಸ್ತುವಿಗೆ ಯಾವ ಪ್ರಶ್ನೆ ಎಂದು ನಂಬರು ಕೊಡುವಾಗಲೇ ಹಿರಿಯರ ಸಮಿತಿ ತೀರ್ಮಾನಿಸಿರುತ್ತದೆ. ಅದರಾಚೆ ಕೇಳಿದರೆ ಆ ಪ್ರಶ್ನೆ ನನಗಿಲ್ಲ ಅನ್ನುತ್ತವೆ, ಅಷ್ಟೇ. ಕೆಲವು ವಸ್ತುಗಳಿಗೆ ಕೇಳುವುದಲ್ಲದೆ ಹೇಳಲೂಬಹುದು: ಮುಚ್ಚು, ತೆರೆ, ಉರಿ, ಆರು. ಹಾಗೆ ಹೇಳುವ ಮೊದಲು ಒಂದು ರಹಸ್ಯ ಪದ ಹೇಳಬೇಕು. ಬಹಳ ಹಿಂದೆ ಯಾರೋ ಸದ್ಯಕ್ಕೆ ಇರಲಿ ಎಂದು ‘ಗುಟ್ಟು’ ಎಂಬ ಪದವನ್ನೇ ಇಟ್ಟರು, ಆಮೇಲೆ ಬದಲಾಯಿಸಲು ಯಾರಿಗೂ ಪುರುಸೊತ್ತಾಗಲಿಲ್ಲ. ಹೀಗಾಗಿ ಗುಟ್ಟು ಊರಿಗೆಲ್ಲ ಗೊತ್ತು. ನಮ್ಮೂರಲ್ಲಿ ಕ್ಷೌರದಂಗಡಿಯ ಬಾಗಿಲು ಮಟಮಟ ಮಧ್ಯಾಹ್ನ ತಾನಾಗಿಯೇ ಮುಚ್ಚಿಕೊಂಡರೆ ಒಳಗಿರುವವರು ಗಾಬರಿಯಾಗುವುದಿಲ್ಲ, ಬೀದಿಯ ಹುಡುಗರನ್ನು ಬೈಯುತ್ತಾರೆ.

ಆ ದಿನ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಐಸ್ ಫ್ಯಾಕ್ಟರಿಯ ಬೆಂಜಮಿನ್ ಮಾಸ್ತರರು ಕೇಳುಮನೆಗೆ ಬಂದರು. ಒಂದು ಕಾಲದಲ್ಲಿ ಮಾಸ್ತರರಾಗಿದ್ದರು, ಈಗ ಐಸ್ ಮಾರುತ್ತಾರೆ, ಬೆತ್ತ ಮಾತ್ರ ಬಿಟ್ಟಿಲ್ಲ. “ನೋಡಪ್ಪಾ, ನಮ್ಮ ಚಕ್ರಕ್ಕೆ ತಲೆ ಕೆಟ್ಟಿದೆ. ತಿರುಗ್ತಿದ್ದೇನೆ ಅನ್ನತ್ತೆ. ತೂಬು ಮುಚ್ಚಿ ನಿಮ್ಮಕ್ಕ ಒಳಗೆ ಹೋಗಿ ಎಷ್ಟು ಹೊತ್ತಾಯ್ತು! ನೀರಿಲ್ಲದೆ ತಿರುಗೋಕೆ ಅದೇನು ಬುಗುರಿಯಾ?” ನನ್ನ ಜೊತೆಯ ಜೋಸ್ಫಿನ್ ನಕ್ಕಳು. ಜೋಸ್ಫಿನ್ ಕೇಳುಮನೆಯಲ್ಲೇ ಅತಿ ವೇಗದವಳು. ಅವಳು ನಂಬರು ಹೇಳುವುದು ಅಕ್ಕಿ ಕೇರಿದ ಹಾಗೆ. ಅವಳು ಮೇಲ್ತೂಬನ್ನು ಕೇಳಿದಳು. ಅದು “ಮುಚ್ಚಲು ಹೇಳಿದ್ದಾರೆ” ಎಂದಿತು. “ನೋಡಿ ಮಾಸ್ತರೇ, ಮುಚ್ಚಿದೆ. ನಿಮ್ಮ ಚಕ್ರಕ್ಕೆ ಎಣ್ಣೆ ಹಾಕಿ.”

ಇಲ್ಲೇ ನಮ್ಮ ಊರಿನವರಷ್ಟೇ ಮಾಡಬಲ್ಲ ತಪ್ಪೊಂದಿದೆ. ದೊಡ್ಡ ವಸ್ತುಗಳಿಗೆ ಎರಡು ಪ್ರಶ್ನೆ. ನಿನಗೇನು ಹೇಳಿದ್ದಾರೆ? ನೀನು ಹೇಗಿದ್ದೀಯ? ಮೊದಲನೆಯದಕ್ಕೆ ಉತ್ತರ ತಟ್ಟನೆ ಬರುತ್ತದೆ, ಹೇಳಿದ್ದು ನೆನಪಿದ್ದರೆ ಸಾಕು. ಎರಡನೆಯದಕ್ಕೆ ವಸ್ತು ತನ್ನನ್ನು ತಾನು ತಡವಿ ನೋಡಿಕೊಳ್ಳಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ. ಮೇಲ್ತೂಬಿನಂಥ ತುಕ್ಕು ಹಿಡಿದ ಮುದಿ ವಸ್ತುವಾದರೆ ಕೇಳಿದವರು ಕಾಫಿ ಕುಡಿದು ಬರಬಹುದು. ಹಾಗಾಗಿ ಬಹಳ ಕಾಲದಿಂದ ಕೇಳುಮನೆಯಲ್ಲಿ ಎರಡನೆಯ ಪ್ರಶ್ನೆಯನ್ನು ಬಿಟ್ಟೇಬಿಟ್ಟಿದ್ದರು. ಊರಿನವರೂ ಬಿಟ್ಟರು. ಮಕ್ಕಳಿಗಂತೂ ಎರಡನೆಯದು ಇದೆಯೆಂದೇ ಗೊತ್ತಿಲ್ಲ. ಹೇಳಿದ ಮೇಲೆ ಹಾಗೆಯೇ ಇರುತ್ತದೆ, ಇಲ್ಲದೆ ಎಲ್ಲಿಗೆ ಹೋಗುತ್ತದೆ? ಅಷ್ಟು ವರ್ಷ ಹಾಗೆಯೇ ಇತ್ತು ಕೂಡ.

ನನಗೆ ಚಕ್ರದ ಮಾತು ಹಿಡಿಸಿತು. ಹಟಮಾರಿ ವಸ್ತುಗಳೆಂದರೆ ನನಗೆ ಮೊದಲಿಂದಲೂ ಪ್ರೀತಿ. ಹಾಗಾಗಿ, ತಮಾಷೆಗೆ ಎನ್ನಿ, ಮೇಲ್ತೂಬಿಗೆ ಎರಡನೆಯ ಪ್ರಶ್ನೆ ಹಾಕಿದೆ. ಮಾಸ್ತರರು ಗಂಟಲು ಸರಿಮಾಡಿಕೊಂಡರು. ಜೋಸ್ಫಿನ್ ಅಷ್ಟರಲ್ಲಿ ಇಡೀ ಹೂವಿನ ಬೀದಿಯ ದೀಪಗಳನ್ನು ಮುಗಿಸಿದಳು. ಆಮೇಲೆ ಕೋಣೆಯಲ್ಲಿ ಕಬ್ಬಿಣ ನರಳಿದಂತಾಯಿತು. “ಒಂದು ಗೇಣು,” ಎಂದಿತು ತೂಬು, “ತೆರೆದಿದ್ದೇನೆ.” ಸ್ವಲ್ಪ ಉಸಿರು ತೆಗೆದುಕೊಂಡು, “ಇನ್ನೂ ತೆರೆಯುತ್ತಿದ್ದೇನೆ.”

 ಜೋಸ್ಫಿನ್ ಎದ್ದು ನಿಂತು, “ಗುಟ್ಟು! ಮುಚ್ಚು!” ಎಂದು ಕಿರುಚಿದಳು. “ಮುಚ್ಚಲು ಹೇಳಿದ್ದಾರೆ,” ಎಂದಿತು ತೂಬು ಸಮಾಧಾನವಾಗಿ. ಹೇಳಿದ್ದನ್ನೇ ಮತ್ತೆ ಹೇಳಿದರೆ ವಸ್ತುಗಳು ಕದಲುವುದಿಲ್ಲ. ಅವುಗಳ ಲೆಕ್ಕದಲ್ಲಿ ಆ ಕೆಲಸ ಆಗಿದೆ. ಕದಲಬೇಕಾದರೆ ಮೊದಲು ತೆರೆಯಲು ಹೇಳಿ, ಆಮೇಲೆ ಮುಚ್ಚಲು ಹೇಳಬೇಕು. “ತೆರಿ ಅನ್ನಲಾ?” ಎಂದಳು ಜೋಸ್ಫಿನ್. ಅವಳ ತುಟಿ ಬೆಳ್ಳಗಾಗಿತ್ತು. “ತೆರೆದ ಮೇಲೆ ಮುಚ್ಚದೆ ಹೋದರೆ?” ಎಂದರು ಮಾಸ್ತರರು.  ನಾನು ಆಗಲೇ ಹೊರಗಿದ್ದೆ. “ರಹಮತ್ ಭಾಯಿಯನ್ನು ಹಿಡಿ! ಕೈಯಲ್ಲಿ ಮುಚ್ಚಿಸು!” ಎಂದು ಅವಳಿಗೆ ಕೂಗಿದ್ದು ನೆನಪಿದೆ. ರಹಮತ್ ಭಾಯಿ ತೂಬಿನ ಕಾವಲುಗಾರ. ತೂಬು ತಾನೇ ಉತ್ತರ ಹೇಳುವಾಗ ಅದರ ಪಕ್ಕ ಕೂರುವುದು ಮರ್ಯಾದೆಯಲ್ಲ ಎಂದು ಅವರು ಹಗಲೆಲ್ಲ ಕ್ಷೌರದಂಗಡಿಯಲ್ಲಿರುತ್ತಿದ್ದರು.

ಸೈಕಲ್ಲು ಕೊನೆಗೂ ನಿಂತದ್ದು ಕೆಳಬಾಯಿಯ ಹತ್ತಿರದ ಹುಲ್ಲಿನ ಬಣವೆಯಲ್ಲಿ. ನಾನು ಅದರಿಂದ ಹೊರಬರುವಷ್ಟರಲ್ಲಿ ಇಳಿಜಾರಿನ ಜನವೆಲ್ಲ ಹಿಂದೆಯೇ ಓಡಿಬಂದಿತ್ತು, ಏನೆಂದು ತಿಳಿಯದಿದ್ದರೂ ಓಡಿಬಂದಿತ್ತು. ಸುರಂಗದ ಬಾಯಿಯಲ್ಲಿ ಒಣಗಿರಬೇಕಿದ್ದ ಕಲ್ಲುಗಳ ಮೇಲೆ ಕಂದು ನೀರು ನೊರೆಯೆಬ್ಬಿಸುತ್ತ ಹೊರಗೆ ಬರುತ್ತಿತ್ತು. ಅದನ್ನು ಕಣ್ಣಾರೆ ನೋಡಿದ ಕೊಡೆಯವನು ಮತ್ತೊಮ್ಮೆ ತೂಬನ್ನು ಕೇಳಿ, “ಮುಚ್ಚಲು ಹೇಳಿದ್ದಾರೆ ಅಂತಿದೆ ಕಣೋ!” ಎಂದ, ನೀರೇ ಏನೋ ತಪ್ಪು ತಿಳಿದುಕೊಂಡಿದೆ ಎನ್ನುವ ಹಾಗೆ.

“ದೇವೀರಕ್ಕನ ನಂಬರೇನು?” ಎಂದು ಯಾರೋ ಕೇಳಿದರು. “ಹಗ್ಗದ್ದು?” “ಅವಳ ಚಪ್ಪಲಿಗಾದರೂ ಇಲ್ಲವಾ?” ಚಪ್ಪಲಿ ಅಲ್ಲೇ ದಡದಲ್ಲಿತ್ತು. ಅಷ್ಟೊಂದು ಜನ ನಿಂತಿದ್ದೆವು, ಯಾರಿಗೂ ಹುಡುಕುವುದು ಹೇಗೆಂದು ಗೊತ್ತಿರಲಿಲ್ಲ. ಈ ಮಾತು ಬೇರೆ ಊರಿನವರಿಗೆ ನಗು ತರಿಸಬಹುದು. ನಾವು ಹುಟ್ಟಿದಾಗಿನಿಂದ ಕಳೆದುಹೋದ ಯಾವುದನ್ನೂ ಹುಡುಕಿದವರಲ್ಲ. ಎಲ್ಲಿದ್ದೀಯ ಅಂದರೆ ಕನ್ನಡಕ ಹಾಸಿಗೆಯ ಕೆಳಗಿನಿಂದ ಉತ್ತರ ಕೊಡುತ್ತಿತ್ತು. ಈಗ ಆ ಕಪ್ಪು ಬಾಯಿಯ ಮುಂದೆ ನಿಂತು “ಅಕ್ಕಾ!” ಎಂದು ಕೂಗಿದೆ. ನೀರಿನ ಸದ್ದು ನನ್ನ ಕೂಗನ್ನು ನುಂಗಿ ಹಾಕಿತು. ಉತ್ತರ ಬಾರದೆ ಇರುವುದು ಎಂದರೆ ಏನೆಂದು ನನಗೆ ಮೊದಲ ಸಲ ಗೊತ್ತಾಯಿತು. 

ಆಗ ಚಕ್ರಗಳು ನೆನಪಾದವು. ಐಸಿನ ಚಕ್ರವನ್ನು ಕೇಳಿದೆ. “ತಿರುಗುತ್ತಿದ್ದೇನೆ, ಜೋರಾಗಿ.” ಅಕ್ಕಿ ಗಿರಣಿಯದನ್ನು ಕೇಳಿದೆ. “ತಿರುಗುತ್ತಿದ್ದೇನೆ, ಜೋರಾಗಿ.” ನಡುವಿನದು, ಅಚ್ಚುಕೂಟದ್ದು, “ನಿಂತಿದ್ದೇನೆ” ಎಂದಿತು. “ಯಾಕೆ?” “ಆ ಪ್ರಶ್ನೆ ನನಗಿಲ್ಲ.” “ನಿನ್ನ ಹತ್ತಿರ ಯಾರಿದ್ದಾರೆ? ನಿನಗೇನು ಸಿಕ್ಕಿಕೊಂಡಿದೆ? ಅದು ಕಟ್ಟಿಗೆಯಾ, ಮನುಷ್ಯರಾ?” “ಆ ಪ್ರಶ್ನೆ ನನಗಿಲ್ಲ,” ಎಂದಿತು ಮೂರು ಸಲ, ಮೂರು ಸಲವೂ ಒಂದೇ ದನಿಯಲ್ಲಿ. ಸುತ್ತಲಿನವರೂ ಕೇಳಲು ಶುರುಮಾಡಿದರು. ಒಬ್ಬರು ಕೇಳಿದ್ದನ್ನೇ ಇನ್ನೊಬ್ಬರು. ನಿಂತಿದ್ದೇನೆ, ನಿಂತಿದ್ದೇನೆ, ನಿಂತಿದ್ದೇನೆ. ನಾನು ಅಂಗಿ ಬಿಚ್ಚಿ ಒಳಗೆ ನುಗ್ಗಿದೆ.

ಸುರಂಗದಲ್ಲಿ ಕೆಲವೇ ಹೆಜ್ಜೆಗೆ ಬೆಳಕು ಮುಗಿಯಿತು. ಗೋಡೆಗೆ ಬಳಿದ ಹಾಗೆ ಪಾಚಿ. ನೀರು ಮೊಣಕಾಲಿಗಿತ್ತು, ಆಮೇಲೆ ತೊಡೆಗೆ. ಐಸಿನ ಚಕ್ರವನ್ನು ಪಕ್ಕದ ಕಲ್ಲಿನ ಕಟ್ಟೆ ಹಿಡಿದು ದಾಟಿದೆ. ಅದು ನನ್ನ ಕಿವಿಯ ಪಕ್ಕವೇ ಬೀಸುತ್ತಿತ್ತು, ಮುಖಕ್ಕೆ ತಣ್ಣನೆ ನೀರು ಎರಚುತ್ತಿತ್ತು. ಹೆದರಿಕೆಯಾಗಿತ್ತೇ? ಆಗಿತ್ತು. ಆದರೆ ಅದರ ಜೊತೆಗೆ ಇನ್ನೇನೋ ಇತ್ತು, ಹೇಳಿದರೆ ನೀವು ಬೈಯಬಹುದು. ಮೈಯೆಲ್ಲ ಕಣ್ಣಾದ ಹಾಗಿತ್ತು. ಕಾಲಿಗೆ ಕಲ್ಲು ಸಿಕ್ಕರೆ ಕಲ್ಲು, ಜೊಂಡು ಸಿಕ್ಕರೆ ಜೊಂಡು. ಯಾವುದೂ ತಾನು ಏನೆಂದು ಹೇಳುತ್ತಿರಲಿಲ್ಲ. ನಾನೇ ಮುಟ್ಟಿ ತಿಳಿಯಬೇಕಿತ್ತು. ಆಮೇಲೆ ಮುಂದಿನ ಕತ್ತಲಲ್ಲಿ ಚಕ್ರದ ದನಿ ಕೇಳಿಸಿತು, ಊರಿನವರು ಹೊರಗಿನಿಂದ ಕೇಳುತ್ತಿದ್ದ ಪ್ರತಿಯೊಂದು ಸಲಕ್ಕೂ ಅದು ಗುಡುಗುತ್ತಿತ್ತು: “ನಿಂತಿದ್ದೇನೆ. ನಿಂತಿದ್ದೇನೆ. ನಿಂತಿದ್ದೇನೆ.” ಅದರ ಮೇಲಿನಿಂದ ಇನ್ನೊಂದು ದನಿ: “ಗೊತ್ತಾಯ್ತು ಮುಚ್ಚೇ ಬಾಯಿ! ನಿಲ್ಲಿಸಿದವಳು ನಾನೇ!”

“ಅಕ್ಕಾ!”

“ಯಾರದು? ಸೋಮೂನಾ? ನಿನ್ನ ತೂಬಿಗೆ ಬೆಂಕಿ ಹಾಕ! ಮುಚ್ಚಿದೆ ಅಂದ್ಯಲ್ಲೋ ಬೆಳಿಗ್ಗೆ!” ಅವಳು ನೀರು ಏರಿದ ಕೂಡಲೇ ಮುಳ್ಳುಗೋಲನ್ನು ಚಕ್ರದ ಹಲ್ಲಿಗೆ ಸಿಕ್ಕಿಸಿ, ಅದು ನಿಂತ ಮೇಲೆ ಅದರ ಮೇಲೆ ಹತ್ತಿ ಕೂತಿದ್ದಳು. ನಾನು ತಡವರಿಸುತ್ತ ಹತ್ತಿದೆ. ಅವಳ ಕೈ ನನ್ನ ತಲೆಗೂದಲು ಹಿಡಿದು ಮೇಲೆಳೆಯಿತು, ಆಮೇಲೆ ಅದೇ ಕೈ ಕೆನ್ನೆಗೊಂದು ಬಿಟ್ಟಿತು. “ಈಜು ಬರಲ್ಲ, ಒಳಗೆ ಬಂದಿದ್ದಾನೆ! ಮನೇಲಿ ಹೇಳಿ ಬಂದ್ಯಾ?” ಎಂದಳು. ಆಮೇಲೆ ನನ್ನ ತಲೆಯನ್ನು ಎದೆಗೊತ್ತಿಕೊಂಡಳು. ಅವಳು ನಡುಗುತ್ತಿದ್ದಳು. ಅವಳ ಬಾಯಿ ಮಾತ್ರ ನಡುಗುತ್ತಿರಲಿಲ್ಲ. “ಇವರಿಗೇನು ಹೊರಗೆ ಕೆಲಸ ಇಲ್ವಾ? ಈ ಚಕ್ರದ ಹತ್ರ ಅದೇ ಮಾತು ಎಷ್ಟು ಸಲ ಹೇಳಿಸ್ತಾರೆ! ಕಿವಿ ಕಿತ್ತು ಹೋಯ್ತು.”

ಮುಳ್ಳುಗೋಲು ಕಿರ್ ಎಂದಿತು.  ಅದು ಮುರಿದರೆ ಚಕ್ರ ತಿರುಗುತ್ತದೆ, ತಿರುಗಿದರೆ ನಾವಿಬ್ಬರೂ ಅದರ ಅಡಿಗೆ. “ಅದು ಎಷ್ಟು ಹೊತ್ತು ತಡೆಯುತ್ತೆ?” ಎಂದೆ. “ನನ್ನನ್ನು ಕೇಳಿದರೆ? ಅದನ್ನೇ ಕೇಳು,” ಎಂದು ಅಕ್ಕ ನಕ್ಕಳು. ಆ ಕತ್ತಲಲ್ಲಿ, ಆ ಹೊತ್ತಿನಲ್ಲಿ, ದೇವರಾಣೆ, ನಕ್ಕಳು. ನೀರು ನಮ್ಮ ಪಾದಕ್ಕೆ ಬಂತು, ಕಣಕಾಲಿಗೆ ಬಂತು. ಕೋಲು ಮತ್ತೆ ಕಿರ್ ಎಂದಿತು. ಅಕ್ಕ ಹಗ್ಗವನ್ನು ನಮ್ಮಿಬ್ಬರ ಸೊಂಟಕ್ಕೂ ಸೇರಿಸಿ ಕಟ್ಟಿ, ಇನ್ನೊಂದು ತುದಿಯನ್ನು ಗೋಡೆಯ ಕಬ್ಬಿಣದ ಕೊಂಡಿಗೆ ಬಿಗಿದಳು.  ನಾನು ಅವಳ ಎದೆಬಡಿತ ಕೇಳುತ್ತಿದ್ದೆ, ನೇರ ಕಿವಿಗೆ, ನಡುವೆ ಯಾವ ನಂಬರೂ ಇಲ್ಲದೆ.

ಆಮೇಲೆ ಪಾದದ ಮೇಲಿನ ನೀರು ಇಳಿಯಿತು. ಮೊದಲು ನನಗೆ ನಂಬಿಕೆಯಾಗಲಿಲ್ಲ, ಕೈಯಿಳಿಬಿಟ್ಟು ನೋಡಿದೆ. ದೂರದ ಅಕ್ಕಿ ಗಿರಣಿಯ ಚಕ್ರದ ಸದ್ದು ನಿಧಾನವಾಗಿ, ನಿಂತೇಹೋಯಿತು. ಮೇಲೆ ಏನಾಗಿತ್ತೆಂದರೆ, ಜೋಸ್ಫಿನ್ ಕ್ಷೌರದಂಗಡಿಯಿಂದ ರಹಮತ್ ಭಾಯಿಯನ್ನು ಅರ್ಧ ಗಡ್ಡದಲ್ಲೇ ಎಳೆದುಕೊಂಡು ಬೆಟ್ಟ ಹತ್ತಿಸಿದ್ದಳು. ತೂಬಿನ ಹಲಗೆಯ ಕೆಳಗೆ ಕೊಚ್ಚಿ ಬಂದ ಮರದ ದಿಮ್ಮಿಯೊಂದು ಸಿಕ್ಕಿಕೊಂಡು, ಕೆರೆಯ ನೀರು ಅದನ್ನು ಮೀಟುತ್ತ ಮೀಟುತ್ತ ಹಲಗೆಯನ್ನು ಎತ್ತಿತ್ತು. ಇಬ್ಬರೂ ಸೇರಿ ದಿಮ್ಮಿಯನ್ನು ಒದ್ದು ತಳ್ಳಿ, ಹಿಡಿಕೆ ತಿರುಗಿಸಿ ಹಲಗೆಯನ್ನು ಇಳಿಸಿದರು. ತಮ್ಮ ಅರ್ಧ ಗಡ್ಡದ ಕತೆಯನ್ನು ರಹಮತ್ ಭಾಯಿ ಈಗಲೂ ಹೇಳುತ್ತಾರೆ, ಹೇಳುವಾಗೆಲ್ಲ ದಿಮ್ಮಿ ದಪ್ಪವಾಗುತ್ತದೆ.

ನಾವು ಹೊರಗೆ ಬಂದಾಗ ಎದ್ದ ಸದ್ದನ್ನು ಹೇಗೆ ಹೇಳಲಿ! ಊರಿಗೆ ಊರೇ ಕುಣಿಯಿತು. ಬೆಂಜಮಿನ್ ಮಾಸ್ತರರು ಬೆತ್ತವನ್ನು ಗಾಳಿಗೆ ಎಸೆದರು. ಯಾರೋ ಅಕ್ಕನ ಕೊರಳಿಗೆ ಮಾರಾಟದ ಹೂವಿನ ಮಾಲೆಗಳನ್ನೆಲ್ಲ ಹಾಕಿದರು, ಹೂವಿನವಳು ಅಳುತ್ತ ನಗುತ್ತ ಇನ್ನಷ್ಟು ಕೊಟ್ಟಳು. ಅಂದಿನಿಂದ ಊರಿನಲ್ಲಿ ಎರಡನೆಯ ಪ್ರಶ್ನೆಯ ಹುಚ್ಚು ಹಿಡಿಯಿತು. ಎಲ್ಲರೂ ಎಲ್ಲವನ್ನೂ ಹೇಗಿದ್ದೀಯ ಎಂದು ಕೇಳಿದರು, ಉತ್ತರಕ್ಕೆ ಕಾದು ಕೂತರು. ಮುಚ್ಚಲು ಹೇಳಿದ ಎಷ್ಟೋ ಬಾಗಿಲು ತೆರೆದಿದ್ದವು. ಉರಿಯಲು ಹೇಳಿದ ದೀಪಗಳು ಎಂದೋ ಸತ್ತಿದ್ದವು. ಪಂಚಾಯಿತಿ ಕಟ್ಟಡದ ಗಡಿಯಾರ ತನ್ನನ್ನು ತಡವಿಕೊಂಡು, “ನನ್ನೊಳಗೆ ಪಾರಿವಾಳ ಮರಿ ಮಾಡಿದೆ,” ಎಂದಾಗ ಜನ ಹಬ್ಬದಂತೆ ನೋಡಲು ಹೋದರು. ನಾನು ನಿದ್ದೆ ಬಿಟ್ಟು ಕೇಳಿದೆ. ಅಷ್ಟು ಸಂತೋಷದ ದಿನಗಳನ್ನು ನಾನು ಕಂಡಿಲ್ಲ.

ಆ ಸಂತೋಷದಲ್ಲೇ ಪಾರ್ಶ್ವನಾಥಯ್ಯನವರಿಗೆ ಆ ಯೋಚನೆ ಬಂತು. ಅವರು ಕೇಳುಮನೆಯ ಯಜಮಾನರು, ಬಿಳಿ ಟೋಪಿ, ಮಗುವಿನಂಥ ನಗು. ಮೇಜು ಕುಟ್ಟಿ ಹೇಳಿದರು: “ತಪ್ಪು ತೂಬಿನದಲ್ಲ ಸೋಮಲಿಂಗ. ಒಳಗಿರೋ ಮನುಷ್ಯರನ್ನು ನಾವು ಕೇಳೋ ಹಾಗಿರಲಿಲ್ಲ. ಅದು ತಪ್ಪು. ನಿಮ್ಮಕ್ಕನಿಗೆ ನಂಬರು ಕೊಟ್ಟುಬಿಡೋಣ!” ನನ್ನ ಮೈ ಜುಮ್ಮೆಂದಿತು. ಆ ಸುರಂಗದ ಬಾಯಲ್ಲಿ ನಿಂತು ಕೂಗಿದ್ದು, ಉತ್ತರ ಬಾರದೆ ಹೋದದ್ದು, ಅದು ಇನ್ನೆಂದೂ ಬರಬೇಕಾಗಿಲ್ಲ! ನಾನು ಕೂತಲ್ಲೇ ಅಕ್ಕನ ನಂಬರು ಹೇಳುತ್ತೇನೆ, ಅವಳು ಎಲ್ಲೇ ಇರಲಿ, ಎಷ್ಟು ಆಳದಲ್ಲೇ ಇರಲಿ, ಅವಳ ದನಿ ನನ್ನ ಕಿವಿಗೆ ಬರುತ್ತದೆ. ಕೂಗುವ ಹಕ್ಕನ್ನೂ ಕೊಡುತ್ತೇವೆ ಎಂದರು. ಅದು ಸಣ್ಣ ಮಾತಲ್ಲ. ಬಹಳ ಹಿಂದೆ ಕಷ್ಟ ಬಂದಾಗ ತಾವಾಗಿಯೇ ಕೂಗುವ ಹಕ್ಕು ಎಲ್ಲ ವಸ್ತುಗಳಿಗೂ ಇತ್ತು. ಒಂದು ಸುಂಟರಗಾಳಿಯ ದಿನ ಊರಿನ ಸಮಸ್ತ ತಗಡು, ಕಿಟಕಿ, ಕೊಡಪಾನಗಳು ಒಟ್ಟಿಗೆ ಕೂಗಿಕೊಂಡು ಯಾವುದರ ಕೂಗೂ ಯಾರಿಗೂ ಕೇಳಿಸಲಿಲ್ಲ. ಆಮೇಲೆ ಅದನ್ನು ಕಿತ್ತುಕೊಂಡಿದ್ದರು. ಈಗ ಮೊದಲ ಸಲ ಅಕ್ಕನಿಗೆ.

ಸಮಿತಿ ಕೇಳುಮನೆಯ ಅಂಗಳದಲ್ಲೇ ಸೇರಿತು. ಊರೆಲ್ಲ ಬಂದಿತ್ತು. ಅಕ್ಕ ಮುಂದಿನ ಬೆಂಚಿನಲ್ಲಿ ಹುರಿಗಡಲೆ ತಿನ್ನುತ್ತ ಕೂತಿದ್ದಳು. ಅವಳಿಗೆ ಯಾವ ಯಾವ ಪ್ರಶ್ನೆ ಇರಬೇಕು ಎಂದು ಚರ್ಚೆ. ಉಸಿರಾಡುತ್ತಿದ್ದೀಯಾ? ಎಲ್ಲಿದ್ದೀಯ? ಒದ್ದೆಯಾಗಿದ್ದೀಯಾ? ಇವು ಮೂರೂ ಒಪ್ಪಿಗೆಯಾದವು. ಅಲ್ಲಿಗೆ ನಿಂತಿದ್ದರೆ ಸರಿಯಿತ್ತೇನೋ. “ಊಟ ಆಯ್ತಾ ಅಂತ ಒಂದು ಇರಲಿ,” ಎಂದಳು ಹೂವಿನವಳು, ಪ್ರೀತಿಯಿಂದಲೇ. “ಕೆಲಸ ಎಷ್ಟು ಮುಗೀತು ಅಂತ ಬೇಡವೇ?” ಎಂದರು ಅಕ್ಕಿ ಗಿರಣಿಯವರು. “ಕೋಪ ಬಂದಿದೆಯಾ ಅಂತ ಹಾಕಿ, ಮೊದಲೇ ಕೇಳ್ಕೊಂಡು ಮನೆಗೆ ಹೋಗ್ತೀನಿ,” ಎಂದ ನಮ್ಮ ಭಾವ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಕ್ಕನೂ ನಕ್ಕಳು. ಕೊಡೆಯವನು ಎದ್ದು, “ಬರೀ ಕೇಳೋದಾ, ಹೇಳಲೂಬಹುದಾ?” ಎಂದ. “ಛೆ ಛೆ, ಕೇಳುವುದಷ್ಟೇ!” ಎಂದರು ಪಾರ್ಶ್ವನಾಥಯ್ಯ. ಜೋಸ್ಫಿನ್ ಹಿಂದಿನಿಂದ, “ನಮ್ಮೂರಲ್ಲಿ? ಗುಟ್ಟು ಬದಲಾಯಿಸಿದ್ದೀರಾ ಸಾರ್?” ಎಂದಳು. ಪಾರ್ಶ್ವನಾಥಯ್ಯ ಟೋಪಿ ಸರಿಮಾಡಿಕೊಂಡು, “ಬರೋ ವಾರ,” ಎಂದರು.

ನಂಬರು ಕೆತ್ತಿದ ತಾಮ್ರದ ಬಳೆಯೊಂದನ್ನು ಮಾಡಿಸಿದ್ದರು. ಅದನ್ನು ತೊಡಿಸುವ ಗೌರವ ನನಗೆ. ನಾನು ರಾತ್ರಿಯೆಲ್ಲ ಅದನ್ನು ಹುಣಸೆಹಣ್ಣು ಹಚ್ಚಿ ಉಜ್ಜಿದ್ದೆ, ಬಿಸಿಲಿಗೆ ಬೆಂಕಿಯ ಹಾಗೆ ಹೊಳೆಯುತ್ತಿತ್ತು. ಪಾರ್ಶ್ವನಾಥಯ್ಯ ಹೇಳಿದರು: “ದೇವೀರಮ್ಮ, ಈ ಊರಿನಲ್ಲಿ ನಂಬರು ಪಡೆಯೋ ಮೊದಲ ಮನುಷ್ಯರು ನೀವು. ಇನ್ನು ಮುಂದೆ ನಂಬರಿಲ್ಲದವರನ್ನು ಸುರಂಗಕ್ಕೆ ಬಿಡೋದಿಲ್ಲ ಅಂತ ಸಮಿತಿ ತೀರ್ಮಾನ ಮಾಡಿದೆ. ಎಲ್ಲ ನಿಮ್ಮ ಒಳ್ಳೆಯದಕ್ಕೆ.” ಚಪ್ಪಾಳೆ ಬಿತ್ತು. ಅಕ್ಕ ಕೈಯಲ್ಲಿದ್ದ ಕಡಲೆ ಸಿಪ್ಪೆ ಊದಿದಳು.

“ಸುರಂಗಕ್ಕೆ ಬೇರೆ ಯಾರು ಇಳೀತಾರೆ ಸ್ವಾಮಿ?” ಎಂದಳು.

“ಅದಕ್ಕೇ ನಿಮಗೆ ಕೊಡ್ತಿರೋದು!”

“ಹಂಗಾ.” ಅವಳು ನನ್ನ ಕಡೆ ತಿರುಗಿದಳು. “ಸೋಮು, ಆವತ್ತು ನನ್ನ ಕೈಯಲ್ಲಿ ಇದು ಇದ್ದಿದ್ರೆ ನೀನು ಏನು ಮಾಡ್ತಿದ್ದೆ?”

“ಕೇಳ್ತಿದ್ದೆ ಅಕ್ಕ! ಆ ಕ್ಷಣವೇ!”

“ಏನಂತ?”

“ಉಸಿರಾಡ್ತಿದ್ದೀಯಾ ಅಂತ.”

“ನಾನು ಹೂಂ ಅಂತಿದ್ದೆ.”

“ಎಲ್ಲಿದ್ದೀಯ ಅಂತ ಕೇಳ್ತಿದ್ದೆ.”

“ಅಚ್ಚುಕೂಟದ ಚಕ್ರದ ಮೇಲೆ ಅಂತಿದ್ದೆ. ಆಮೇಲೆ?”

“ಆಮೇಲೆ…” ಎಂದೆ. ಆಮೇಲೆ ಇಡೀ ಊರು ಅದನ್ನೇ ಕೇಳುತ್ತಿತ್ತು. ನಾನೂ ಒಳಗೆ ಇಳಿಯದೆ ಅವರ ನಡುವೆ ನಿಂತು ಕೇಳುತ್ತಲೇ ಇರುತ್ತಿದ್ದೆ, ಅವಳು ಹೂಂ ಅನ್ನುವುದು ನಿಲ್ಲುವವರೆಗೂ. ಇದು ನನಗೆ ಆಗ ಹೊಳೆಯಿತೋ ಇಲ್ಲವೋ, ಈಗ ಹೇಳಲಾರೆ. ಆಗ ನನಗೆ ಕಾಣುತ್ತಿದ್ದದ್ದು ಆ ಕಂದು ನೊರೆ, ದಡದ ಮೇಲಿನ ಖಾಲಿ ಚಪ್ಪಲಿ. ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ಮೊಣಕಾಲೂರಿದೆ.  “ಅಕ್ಕ, ನನಗೋಸ್ಕರ ಹಾಕ್ಕೋ. ನಾನು ಬಿಟ್ಟು ಬೇರೆ ಯಾರೂ ಕೇಳದೆ ಇರೋ ಹಾಗೆ ನೋಡ್ಕೋತೀನಿ. ದಿನಕ್ಕೆ ಒಂದೇ ಸಲ ಕೇಳ್ತೀನಿ. ನೀನು ಒಳಗಿರೋವಾಗ ನಾನು ಹೊರಗೆ ಕೂತಿರೋಕೆ ಆಗಲ್ಲ ಅಕ್ಕ, ಸತ್ತೇಹೋಗ್ತೀನಿ.”

ಅವಳು ನನ್ನ ಕೆನ್ನೆ ಸವರಿದಳು. ಅವಳ ಕೈಗೆ ಕಡಲೆಯ ವಾಸನೆಯಿತ್ತು. ಎಡಗೈಯನ್ನು ಮುಂದೆ ಚಾಚಿದಳು. ಒಪ್ಪಿದಳೆಂದು ಹಿಂದಿನ ಸಾಲಿನವರು ಕೂಗಿಯೇಬಿಟ್ಟರು. ಅವಳು ಅದೇ ಕೈಯಿಂದ ನನ್ನ ಬೆರಳುಗಳನ್ನು ಬಳೆಯ ಮೇಲೆ ಮಡಚಿ ಮುಚ್ಚಿದಳು.

“ಬೇಡ,” ಎಂದಳು.

“ಹಾಗಾದರೆ ಸುರಂಗದ ಕೆಲಸ?” ಎಂದರು ಪಾರ್ಶ್ವನಾಥಯ್ಯ.

“ಅದೂ ಬೇಡ,” ಎಂದಳು ಅಕ್ಕ.